ನೆರಿಗೆಯಕ್ಕ ಬರೆದ ಮುಖ

ನನ್ನ ಅತ್ತಿಗೆ ದೇವರ ಚಿತ್ರ ಬರೆಯುತ್ತಾಳೆ ಎಂದು ಅಣ್ಣ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದು ಪೂರ್ತಿ ನಿಜವಲ್ಲ. ಅವಳು ಬರೆಯುವುದು ದೇವರ ಬಟ್ಟೆಯನ್ನು. ಅವಳು ಕೆಲಸ ಮಾಡುವ ಚಿತ್ರದಂಗಡಿಯಲ್ಲಿ ಒಂದೇ ಚಿತ್ರ ನಾಲ್ಕೈದು ಕೈ ದಾಟುತ್ತದೆ. ಒಬ್ಬರು ಆಕಾಶ, ಗೋಡೆ, ಕಂಬ ತುಂಬುತ್ತಾರೆ, ಇನ್ನೊಬ್ಬರು ಅಂಚಿನ ಬಳ್ಳಿ ಬರೆಯುತ್ತಾರೆ, ಅತ್ತಿಗೆ ಬಟ್ಟೆ ಉಡಿಸುತ್ತಾಳೆ. ಮುಖ ಮಾತ್ರ ಅಂಗಡಿಯ ಯಜಮಾನರಿಗೆ ಮೀಸಲು. ಬಟ್ಟೆ ಮೊಣಕಾಲಿನ ಮೇಲೆ ಎಲ್ಲಿ ಬಿಗಿಯುತ್ತದೆ, ಮೊಣಕೈ ಮಡಿಚಿದಲ್ಲಿ ಹೇಗೆ ಸುಕ್ಕಾಗುತ್ತದೆ ಎಂಬುದನ್ನು ಅವಳು ಕಣ್ಣು ಮುಚ್ಚಿಕೊಂಡು ಬರೆಯಬಲ್ಲಳು. ಅಲ್ಲಿಯವರೆಲ್ಲ ಅವಳನ್ನು ನೆರಿಗೆಯಕ್ಕ ಎನ್ನುವುದು ಅದಕ್ಕೇ. ಕುಂಚದ ತುದಿ ಚೂಪಾಗಲಿ ಎಂದು ತುಟಿಗಿಟ್ಟು ಎಳೆಯುವ ಚಾಳಿ ಅವಳಿಗೆ. ಸಂಜೆ ಮನೆಗೆ ಬಂದವಳ ನಾಲಿಗೆ ನೋಡಿದರೆ ಸಾಕು, ಅವತ್ತು ದೇವರು ಯಾವ ಬಣ್ಣದ ಬಟ್ಟೆ ಉಟ್ಟಿದ್ದರೆಂದು ನಾನು ಹೇಳಿಬಿಡುತ್ತೇನೆ.

ನಾನು ಅವಳ ನಾದಿನಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಚಿಲ್ಲರೆಗಾಗಿ ಜಗಳವಾಡಿ ಆಡಿ ನನ್ನ ಬಾಯಿ ಚೆನ್ನಾಗಿ ಪಳಗಿದೆ. ಅಮ್ಮ ನನ್ನನ್ನು ಗಯ್ಯಾಳಿ ಎಂದೇ ಕರೆಯುವುದು. ಆ ಗುಣ ತನ್ನಿಂದಲೇ ಬಂದದ್ದೆಂದು ಒಪ್ಪಿಕೊಳ್ಳಲು ಮಾತ್ರ ಅವಳು ತಯಾರಿಲ್ಲ.

ನಮ್ಮ ಮನೆಯಲ್ಲೂ ಒಂದು ದೇವರ ಚಿತ್ರವಿದೆ. ಎರಡು ಅಂಗೈ ಸೇರಿಸಿದಷ್ಟು ದೊಡ್ಡದು. ಮಗುವನ್ನು ಎದೆಗವಚಿಕೊಂಡು ನಿಂತ ತಾಯಿ, ಮಗು ಅವಳ ಗದ್ದ ಹಿಡಿದುಕೊಂಡಿದೆ. ನಾವೆಲ್ಲ ಅದನ್ನು ‘ತಾಯಿ’ ಅಂತಲೇ ಕರೆಯುವುದು. ಬರೆದವರು ಅಪ್ಪ. ಅವರು ಬಟ್ಟೆ ಮಿಲ್ಲಿನಲ್ಲಿ ಕಾಗದದ ಮೇಲೆ ಹೂವು, ಎಲೆ, ಚೌಕಳಿಗಳ ನಮೂನೆ ಬರೆದುಕೊಡುತ್ತಿದ್ದರು. ಜೀವಮಾನದಲ್ಲಿ ಅವರು ಬರೆದ ದೇವರ ಚಿತ್ರ ಇದೊಂದೇ, ಅದೂ ಅಮ್ಮನಿಗಾಗಿ.

ಚಿತ್ರದ ಮೈಯೆಲ್ಲ ನೀರುಬಣ್ಣ. ತಾಯಿಯ ನೀಲಿ ಹೊದಿಕೆ ತೆಳ್ಳಗೆ, ಪದರದ ಮೇಲೆ ಪದರವಾಗಿ ಇಳಿದಿದೆ. ಬೆಳಕು ಬೇಕಾದಲ್ಲಿ ಅಪ್ಪ ಬಣ್ಣವನ್ನೇ ಹಚ್ಚದೆ ಕಾಗದದ ಬಿಳುಪನ್ನು ಹಾಗೇ ಬಿಟ್ಟಿದ್ದಾರೆ. ಆದರೆ ಮುಖ ಮಾತ್ರ ಗಟ್ಟಿಬಣ್ಣ. ಡಬ್ಬಿಯ ಮೇಲೆ ಗುವಾಶ್ ಎಂದು ಅಚ್ಚಾಗಿರುತ್ತದೆ, ಕಸುಬಿನವರ ಬಾಯಲ್ಲಿ ಗಟ್ಟಿಬಣ್ಣ. ನೀರುಬಣ್ಣ ಕಾಗದದೊಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಗಟ್ಟಿಬಣ್ಣ ಕಾಗದದ ಮೇಲೆ ಕೂರುತ್ತದೆ, ಒಣಗಿ ಎಷ್ಟು ವರ್ಷವಾದರೂ ಒದ್ದೆ ಬೆರಳು ತಾಗಿದರೆ ಎದ್ದು ಬರುತ್ತದೆ. ಇವೆಲ್ಲ ನನಗೆ ತಿಳಿದದ್ದು ಅತ್ತಿಗೆಯಿಂದ.

ಇನ್ನು ಅಮ್ಮನ ರೂಢಿ. ಬೆಳಿಗ್ಗೆ ಎದ್ದು ಮುಖ ತೊಳೆದು, ಕೈ ಒರೆಸಿಕೊಳ್ಳದೆ, ಹಸಿ ಬೆರಳನ್ನು ತಾಯಿಯ ಕೆನ್ನೆಗೆ ಮುಟ್ಟಿಸಿ ತನ್ನ ಹಣೆಗೆ ಇಟ್ಟುಕೊಳ್ಳುತ್ತಾಳೆ. ಆಮೇಲೇ ಹಾಲು ಒಲೆಗೆ. ನನಗೆ ಬುದ್ಧಿ ಬಂದಾಗಿನಿಂದ ಇದನ್ನೇ ನೋಡಿದ್ದೇನೆ. ಚಿತ್ರಕ್ಕೆ ಗಾಜು ಹಾಕಿಸೋಣ ಎಂದು ಯಾರೋ ನೆಂಟರು ಅಂದಾಗ, “ನನಗೂ ತಾಯಿಗೂ ಮಧ್ಯ ಗಾಜು ಯಾಕೆ?” ಅಂದು ಅವರ ಬಾಯಿ ಮುಚ್ಚಿಸಿದ್ದಳು.

ಅಪ್ಪ ತೀರಿಕೊಂಡ ಮರುವರ್ಷ ಅಣ್ಣನ ಮದುವೆಯಾಯಿತು. ಅತ್ತಿಗೆ ಮನೆಗೆ ಬಂದ ಮೊದಲ ವಾರವೇ ಗ್ರಹಚಾರ. ಅವಳು ಚಿತ್ರದ ಮುಂದೆ ಬಗ್ಗಿ ನೋಡಿ, ಕಸುಬಿನವರು ಕಸುಬಿನ ಮಾತಾಡುವ ಹಾಗೆ, “ಅಯ್ಯೋ, ಮುಖಕ್ಕೆ ಯಾಕೆ ಗಟ್ಟಿಬಣ್ಣ ಹಾಕಿದ್ದಾರೆ? ನೀರು ತಾಗಿದ್ರೆ ಹೋಗುತ್ತಲ್ಲ. ಆಗಲೇ ಮಸುಕಾಗಿದೆ” ಅಂದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

“ನನ್ನ ಗಂಡ ಬರೆದದ್ದರಲ್ಲಿ ತಪ್ಪು ಹುಡುಕೋಕೆ ಬಂದ್ಯಾ? ನಿನ್ನ ಅಂಗಡಿ ದೇವರಲ್ಲ ಇದು. ಇದನ್ನ ಮುಟ್ಟಬೇಡ ನೀನು.”

ಅತ್ತಿಗೆ ಮುಟ್ಟಲಿಲ್ಲ. ಧೂಳು ಹೊಡೆಯುವಾಗ ಕೂಡ ಆ ಗೋಡೆಯ ಹತ್ತಿರಕ್ಕೆ ಬಂದು ನಿಂತು ನನ್ನನ್ನು ಕರೆಯುತ್ತಿದ್ದಳು.

ಆಮೇಲೆ ಅಮ್ಮನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಹಾವು ತುಳಿದವಳಂತೆ ಹಾರುತ್ತಿದ್ದಳು, ಪೊರೆ ಬಲಿಯುತ್ತಲೇ ಹೋಯಿತು. ನಮ್ಮ ಮುಖಗಳು ಮೊದಲು ಮಂಜಾದವು, ಬಳಿಕ ಬರೀ ನೆರಳಾದವು. ಬೆಳಗಿನ ರೂಢಿ ಮಾತ್ರ ತಪ್ಪಲಿಲ್ಲ. ಗೋಡೆ ಸವರುತ್ತ ಬಂದು, ಚೌಕಟ್ಟು ಹುಡುಕಿ, ಹಸಿ ಬೆರಳಿಟ್ಟು ಮುಟ್ಟುವಳು. ಕಾಣುತ್ತಿದ್ದಾಗ ಕೆನ್ನೆಗಷ್ಟೇ ತಾಗುತ್ತಿದ್ದ ಬೆರಳು ಈಗ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ತಡವತೊಡಗಿತು. ಒಂದು ದಿನ ನಾನು ನೋಡುತ್ತೇನೆ, ತಾಯಿಗೆ ಮುಖವೇ ಇಲ್ಲ. ನೀಲಿ ಹೊದಿಕೆ ಇದೆ, ಮಗು ಇದೆ, ಮಗು ಹಿಡಿದುಕೊಂಡ ಗದ್ದದ ಜಾಗದಲ್ಲಿ ಬೋಳು ಕಾಗದ.

ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಲೆಯ ಮೇಲಿನ ಹಾಲು ಉಕ್ಕಿದರೆ ವಾರವಿಡೀ ತನ್ನನ್ನೇ ಬೈದುಕೊಳ್ಳುವ ಹೆಂಗಸು ನಮ್ಮಮ್ಮ. ತನ್ನ ಬೆರಳಿಂದಲೇ ತಾಯಿಯ ಮುಖ ಒರೆಸಿ ಹಾಕಿದ್ದೇನೆ, ಗಂಡ ಬಿಟ್ಟುಹೋದ ಕೈಕೆಲಸವನ್ನು ತಾನೇ ಅಳಿಸಿದ್ದೇನೆ ಎಂದು ಗೊತ್ತಾದರೆ ಅವಳು ಬದುಕಿಯೂ ಸತ್ತಂತೆ. ಹಾಗಾಗಿ ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು. ಅಮ್ಮ ಮುಟ್ಟಿದ ಮೇಲೆ ಅಣ್ಣನನ್ನು, “ಹೇಗಿದ್ದಾಳೋ ತಾಯಿ?” ಎಂದು ಕೇಳುವಳು. ಲಿಫ್ಟ್ ರಿಪೇರಿ ಮಾಡುವ ನಮ್ಮಣ್ಣ, ಎತ್ತರಕ್ಕೆ ಹೆದರದವನು, ಅಮ್ಮನಿಗೆ ಹೆದರುತ್ತ, “ನಗ್ತಿದ್ದಾಳಮ್ಮ” ಅನ್ನುವನು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೂಂ ಅನ್ನುತ್ತಿದ್ದೆ.

ಈ ಸಲ ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮೂಳೆಗೇನೂ ಆಗಲಿಲ್ಲ, ಹಟ ಮುರಿಯಿತು. “ಆಯ್ತು, ಕೊಯ್ಯಲಿ” ಅಂದಳು. ನಮಗೆಲ್ಲ ಖುಷಿ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಮ್ಮ ಒಂದು ಅಪ್ಪಣೆ ಕೊಟ್ಟಳು.

“ನಾಳೆ ಪಟ್ಟಿ ಬಿಚ್ಚುವಾಗ ತಾಯೀನ ಅಲ್ಲಿಗೆ ತನ್ನಿ. ಮೊದಲು ನಾನು ನೋಡೋದು ಅವಳನ್ನ. ಡಾಕ್ಟರ ಮೂತಿ ನೋಡೋಕೆ ನಾನು ಕಣ್ಣು ಕೊಯ್ಯಿಸ್ಕೊಳ್ತಿಲ್ಲ.”

ಅತ್ತಿಗೆ ಗೋಡೆಯ ಕಡೆ ನೋಡಿದಳು.

ಅಣ್ಣ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ನಾನು ಚಿತ್ರವನ್ನು ಗೋಡೆಯಿಂದ ಇಳಿಸಿ ಅತ್ತಿಗೆಯ ಮಡಿಲಲ್ಲಿಟ್ಟೆ. “ಬರಿ” ಅಂದೆ.

“ನಾನು ಮುಖ ಬರೆದಿಲ್ಲ.”

“ಈಗ ಬರಿ.”

“ಮುಖ ಅಂದ್ರೆ ಬಟ್ಟೆ ಅಂದ್ಕೊಂಡ್ಯಾ? ನಂಗೆ ಬರಲ್ಲ. ಅತ್ತೆ ಮುಟ್ಟಬೇಡ ಅಂದಿದ್ದಾರೆ ಬೇರೆ.”

ಅವಳು ಚಿತ್ರವನ್ನು ರಟ್ಟಿನ ನಡುವೆ ಇಟ್ಟುಕೊಂಡು ಯಜಮಾನರ ಹತ್ತಿರ ಓಡಿದಳು. ನಾನೂ ಹಿಂದೆ ಹೋದೆ. ಅವರು ಒಳ್ಳೆಯ ಮನುಷ್ಯರು, ಕನ್ನಡಕ ಹಣೆಗೇರಿಸಿ ನೋಡಿ, “ಇಷ್ಟೇ ತಾನೇ, ಬಿಟ್ಟು ಹೋಗು, ಸಂಜೆಯೊಳಗೆ ಮುಖ ಕೂರಿಸ್ತೀನಿ” ಅಂದರು. ಅವರ ಹಿಂದೆ ಹಗ್ಗಕ್ಕೆ ಸಿಕ್ಕಿಸಿದ್ದ ಚಿತ್ರಗಳು ಒಣಗುತ್ತಿದ್ದವು. ಒಂದೊಂದರಲ್ಲಿ ಒಂದೊಂದು ಬಟ್ಟೆ, ಎಲ್ಲದರಲ್ಲೂ ಅದೇ ಗುಂಡು ಮುಖ, ಅದೇ ಕಿರುನಗೆ. ಅತ್ತಿಗೆ ಆ ಸಾಲನ್ನು ನೋಡಿದಳು. ಮಡಿಲಲ್ಲಿದ್ದದ್ದನ್ನು ನೋಡಿದಳು. “ಬೇಡ ಸರ್, ಕ್ಷಮಿಸಿ” ಎಂದು ಎದ್ದುಬಿಟ್ಟಳು. ದಾರಿಯಲ್ಲಿ ನಾನು ಕೇಳಿದ್ದಕ್ಕೆ, “ಅವರು ಬರೆದ್ರೆ ಅದು ಅಂಗಡಿ ದೇವರೇ ಆಗುತ್ತೆ. ಅತ್ತೆ ಹೇಳಿದ್ದು ನಿಜವಾಗಿಬಿಡುತ್ತೆ” ಅಂದಳು.

ಮನೆಗೆ ಬಂದು ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬೋಳು ಜಾಗದಲ್ಲಿ ಏನಾದರೂ ಗುರುತು ಉಳಿದಿದೆಯೇ ಎಂದು ಹುಡುಕಾಟ. ಕಿವಿಯ ಪಕ್ಕದಲ್ಲಿ ಕುಂಚದಿಂದ ಒಂದು ಹನಿ ನೀರಿಟ್ಟಳು. ಇಷ್ಟು ವರ್ಷ ಉಜ್ಜಿಸಿಕೊಂಡ ಕಾಗದ, ಹನಿಯನ್ನು ಹೀರಿಕೊಂಡು ಬಿಡುತ್ತದೆ ಎಂದು ಹೆದರಿದ್ದಳಂತೆ. ಹನಿ ಮಣಿಯ ಹಾಗೆ ನಿಂತಿತು.

“ಮಾವ ಇಲ್ಲಿ ಮೊದಲೇ ತಿಳಿ ಅಂಟು ಸವರಿದ್ದಾರೆ” ಅಂದಳು. “ಮುಖದ ಜಾಗಕ್ಕೆ ಮಾತ್ರ. ಬೇರೆಲ್ಲೂ ಇಲ್ಲ. ಯಾಕೋ?”

ನನಗೇನು ಗೊತ್ತು? ಅವಳು ಮತ್ತೆ ಓರೆ ಮಾಡಿದಳು. ಕುಂಚದ ಹಿಂತುದಿಯಿಂದ ತೋರಿಸಿದಳು. ಕಣ್ಣಿರಬೇಕಾದ ಜಾಗದಲ್ಲಿ ಸೀಸದ ಕಡ್ಡಿಯ ಗೆರೆ ಒಂದಲ್ಲ, ಮೂರ್ನಾಲ್ಕು ಜೊತೆ. ಒಂದರ ಮೇಲೊಂದು, ಒಂದು ಮೇಲಕ್ಕೆ, ಒಂದು ಪಕ್ಕಕ್ಕೆ. “ಮಾವನಿಗೆ ಮನಸ್ಸು ನಿಂತಿರಲಿಲ್ಲ ಅನ್ಸುತ್ತೆ. ಯಾವುದನ್ನ ಹಿಡಿಯಲಿ ನಾನು? ತಾಯಿ ಎಲ್ಲಿ ನೋಡ್ತಿದ್ದಳು?”

“ನಮ್ಮನ್ನ” ಅಂದೆ ನಾನು. “ಎಲ್ಲಿ ನಿಂತ್ರೂ ನಮ್ಮನ್ನೇ ನೋಡೋಳು. ಸಕ್ಕರೆ ಕದ್ದ ದಿನ ನಾನು ಆ ಗೋಡೆ ಕಡೆ ತಲೆಯೆತ್ತುತ್ತಿರಲಿಲ್ಲ.”

ಸಂಜೆ ಅಮ್ಮನ ಬಟ್ಟೆ ಒಯ್ಯಲು ಬಂದ ಅಣ್ಣನನ್ನು ಕೇಳಿದರೆ, “ಇಲ್ಲ, ಮಗೂನ ನೋಡೋಳು. ಕಣ್ಣು ಕೆಳಗಿತ್ತು. ನಂಗೆ ಚೆನ್ನಾಗಿ ನೆನಪಿದೆ” ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾವಿಬ್ಬರೂ ಅಲ್ಲೇ ಜಗಳಕ್ಕೆ ನಿಂತೆವು. ಅತ್ತಿಗೆ ಕಿವಿ ಮುಚ್ಚಿಕೊಂಡಳು.

ಅಣ್ಣನ ಚೀಲದಲ್ಲಿ ಒಂದು ಡಬ್ಬಿ ಇತ್ತು, ಲಿಫ್ಟಿನ ಬಾಗಿಲಿಗೆ ಹೊಡೆಯುವ ವಾರ್ನಿಷ್. “ಬರೆದು ಮುಗಿಸಿ ಇದನ್ನ ಒಂದ್ಸಲ ಪುಸ್ ಅನ್ನಿಸಿಬಿಡು. ಆಮೇಲೆ ಅಮ್ಮ ನೀರಲ್ಲಿ ಅದ್ದಿದ್ರೂ ಬಣ್ಣ ಬಿಡಲ್ಲ” ಅಂದ. ಜೀವಮಾನದಲ್ಲಿ ಮೊದಲ ಬಾರಿಗೆ ಅಣ್ಣನ ತಲೆ ಓಡಿತಲ್ಲ ಎಂದು ನನಗೆ ಸಂತೋಷವಾಯಿತು.

ಅತ್ತಿಗೆ ಒಪ್ಪಲಿಲ್ಲ. “ವಾರ್ನಿಷ್ ತಾಗಿದ್ರೆ ಗಟ್ಟಿಬಣ್ಣ ಒದ್ದೆ ಬಟ್ಟೆ ಹಾಗೆ ಕಪ್ಪಾಗುತ್ತೆ. ಹೊದಿಕೆಯ ನೀಲಿಯೂ ಕೆಡುತ್ತೆ.”

“ಕೆಡ್ಲಿ, ಅಮ್ಮನ ಬೆರಳಿಗೆ ಬಣ್ಣ ಹತ್ತದಿದ್ರೆ ಸಾಕು” ಅಂದೆ.

“ಬರೆದವರು ಹಚ್ಚಿಲ್ಲ, ನಾನು ಹಚ್ಚಲ್ಲ.”

“ಅತ್ತಿಗೆ, ಅಮ್ಮ ಮುಟ್ಟಿಯೇ ಮುಟ್ಟುತ್ತಾಳೆ. ನಿನ್ನ ನೀತಿ ಹಿಡ್ಕೊಂಡು ಏನ್ ಮಾಡ್ತೀಯ? ಪಟ್ಟಿ ಬಿಚ್ಚಿದ ಕಣ್ಣಿಂದ ಅಳಕೂಡದು ಅಂತ ನರ್ಸು ಸಾವಿರ ಸಲ ಹೇಳಿದ್ದಾಳೆ.”

ನನ್ನ ದನಿ ಏರಿತ್ತು. ಅತ್ತಿಗೆಯ ಕಣ್ಣಲ್ಲಿ ನೀರಾಡಿತು, ಆದರೆ ಡಬ್ಬಿಯನ್ನು ಅಣ್ಣನ ಚೀಲಕ್ಕೇ ಹಾಕಿದಳು. ಕೊನೆಗೆ ಹಾವೂ ಸಾಯದೆ ಕೋಲೂ ಮುರಿಯದೆ ಒಂದು ದಾರಿ ಹುಡುಕಿದೆವು. ಚಿತ್ರವನ್ನು ನಾನು ಹಿಡಿದು ದೂರದಿಂದ ತೋರಿಸುವುದು. ಅಮ್ಮನ ಬಲಗೈಯನ್ನು ಅಣ್ಣ ಪ್ರೀತಿಯಿಂದ ಹಿಡಿದುಕೊಂಡಿರುವುದು. ಮನೆಗೆ ಬರುವಷ್ಟರಲ್ಲಿ ಗಾಜು ಹಾಕಿಸಿಬಿಡುವುದು. ದೀಪದ ಬೆಳಕಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಎಂದು ಅತ್ತಿಗೆ ಅವತ್ತು ಬರೆಯಲಿಲ್ಲ.

ಬೆಳಕು ಹರಿದಾಗ ಅವಳು ಕಿಟಕಿಯ ಕೆಳಗೆ ಕೂತಾಗಿತ್ತು. ಚೀನಿ ತಟ್ಟೆಯಲ್ಲಿ ಬಿಳಿ, ಹಳದಿ ಮಣ್ಣು, ಕೆಮ್ಮಣ್ಣು, ಚಿಟಿಕೆ ಹಸಿರು. ಗಟ್ಟಿಬಣ್ಣವನ್ನು ಕೆನೆಯ ಹದಕ್ಕೆ ಕಲೆಸಬೇಕು. ಹೆಚ್ಚು ದಪ್ಪವಾದರೆ ಒಣಗಿ ಬಿರಿಯುತ್ತದೆ, ತೆಳುವಾದರೆ ಕಲೆಕಲೆಯಾಗಿ ನಿಲ್ಲುತ್ತದೆ. ಇನ್ನೊಂದು ಕಾಟ ಎಂದರೆ ತಟ್ಟೆಯಲ್ಲಿ ಕಂಡ ಬಣ್ಣ ಕಾಗದದ ಮೇಲೆ ಉಳಿಯುವುದಿಲ್ಲ. ತಿಳಿ ಬಣ್ಣ ಒಣಗುತ್ತ ಗಾಢವಾಗುತ್ತದೆ, ಗಾಢವಾದದ್ದು ಪೇಲವವಾಗುತ್ತದೆ. ಬಟ್ಟೆಗಾದರೆ ನಡೆದು ಹೋಗುತ್ತದೆ, ಮುಖಕ್ಕೆ ನಡೆಯುವುದಿಲ್ಲ. ತುಂಡು ಕಾಗದದ ಮೇಲೆ ಹಚ್ಚುವುದು, ಊದಿ ಒಣಗಿಸುವುದು, ತಲೆ ಅಲ್ಲಾಡಿಸುವುದು, ಮತ್ತೆ ಕಲೆಸುವುದು. ನಾನು ಬಾಗಿಲಿಗೊರಗಿ ಉಗುರು ಕಚ್ಚುತ್ತ ನಿಂತಿದ್ದೆ.

ಮೊದಲ ಮುಖ ಬಂತು. ಕಣ್ಣು ನಮ್ಮ ಕಡೆ, ನಾನು ಹೇಳಿದಂತೆಯೇ. ಗುಂಡು ಮುಖ, ಕಿರುನಗೆ. ನನಗೆ ಚೆನ್ನಾಗಿಯೇ ಕಂಡಿತು.

“ಯಜಮಾನರ ಮುಖ” ಅಂದಳು ಅತ್ತಿಗೆ. ತಿದ್ದಲು ಕೆನ್ನೆಯ ಮೇಲೆ ಇನ್ನೊಂದು ಎಳೆ ಎಳೆದಳು. ಕೈ ಅನುಮಾನದಿಂದ ಅಲ್ಲೇ ನಿಂತಿತು. ನಿಂತದ್ದೇ ತಪ್ಪು, ಕೆಳಗಿನ ಪದರ ನೆನೆದು ಕದಡಿ ಮೇಲಿನದರೊಡನೆ ಕಲೆತು ಕೆನ್ನೆ ಕೆಸರಾಯಿತು. ಆಮೇಲೆ ಶುದ್ಧ ನೀರಲ್ಲಿ ಕುಂಚ ಅದ್ದಿ ಇಡೀ ಮುಖವನ್ನು ಎತ್ತಿಬಿಟ್ಟಳು. ಬೆಳಗಿನಿಂದ ಬರೆದದ್ದು ಒಂದು ಚಿಂದಿ ಬಟ್ಟೆಗೆ ಬಂತು. ಮತ್ತೆ ಬೋಳು ಕಾಗದ.

“ಏನ್ ಮಾಡ್ತಿದ್ದೀಯ ಅತ್ತಿಗೆ?” ನಾನು ಬಾಗಿಲು ಬಿಟ್ಟು ಓಡಿಬಂದೆ.

ಆಗಲೇ ಫೋನ್ ಬಂತು. ಅಣ್ಣ ಪಿಸುಗುಟ್ಟುತ್ತಿದ್ದ. “ಡಾಕ್ಟ್ರು ಬೇಗ ಬಂದ್ಬಿಟ್ರು. ಪಟ್ಟಿ ಬಿಚ್ಚಿ ಆಯ್ತು. ಅಮ್ಮ ಕಣ್ಣು ಬಿಡ್ತಿಲ್ಲ, ತಾಯಿ ಬರೋವರೆಗೂ ಬಿಡಲ್ಲ ಅಂತ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಾಳೆ. ಹಾಗೆ ಬಿಗಿ ಹಿಡಿದ್ರೆ ಹೊಲಿಗೆಗೆ ತೊಂದ್ರೆ ಅಂತ ಡಾಕ್ಟ್ರು ಬೈತಿದ್ದಾರೆ. ಎಲ್ಲಿದ್ದೀರಿ?”

“ಹೊರಟ್ವಿ” ಅಂದೆ. ಅತ್ತಿಗೆಯ ಕಡೆ ನೋಡಿದರೆ ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅವಳ ಭುಜ ಹಿಡಿದು ಅಲುಗಿಸೋಣ ಅನ್ನಿಸಿತು. ಸಿಟ್ಟು ಬಂತು, ಅಳುವೂ ಬಂತು.

“ರೆಪ್ಪೆ ಅಂದ್ರೆ ಏನು?” ಅಂದಳು, ನನ್ನನ್ನಲ್ಲ, ತನ್ನನ್ನೇ. “ಕಣ್ಣಿನ ಮೇಲೆ ಬಿದ್ದ ನೆರಿಗೆ ತಾನೇ.”

ಕುಂಚ ತುಟಿಗಿಟ್ಟು ಎಳೆದಳು. ಮುಖದ ತಳಬಣ್ಣ ಒಂದೇ ಎಳೆತಕ್ಕೆ ಇಳಿಯಿತು, ಅದು ಒಣಗುವವರೆಗೆ ಕೈ ಕಟ್ಟಿ ಕೂತಳು, ನಾನು ಗಡಿಯಾರ ನೋಡುತ್ತ ಸಾಯುತ್ತಿದ್ದೆ. ಆಮೇಲೆ ರೆಪ್ಪೆಯ ಮಡಿಕೆ. ತುಟಿಯ ಕೊನೆಯಲ್ಲಿ ಸಣ್ಣ ಸುಕ್ಕು. ಮಗುವಿನ ಬೆರಳು ಒತ್ತಿದ ಕಡೆ ಗದ್ದದಲ್ಲಿ ಬೀಳುವ ಗುಳಿ. ಒಂದೊಂದಕ್ಕೆ ಒಂದೇ ಗೆರೆ, ಎರಡನೆಯ ಬಾರಿ ಎಲ್ಲೂ ಮುಟ್ಟಲಿಲ್ಲ. ಕೊನೆಗೆ ಮೂಗಿನ ತುದಿಗೆ ಅಪ್ಪಟ ಬಿಳಿಯ ಚುಕ್ಕೆ. ಅರ್ಧ ಬಾಗಿದ ಕಣ್ಣು ಮಗುವನ್ನು ನೋಡಿ ಈಗಷ್ಟೇ ನಮ್ಮ ಕಡೆ ತಿರುಗುವುದರಲ್ಲಿತ್ತು. ರಾತ್ರಿ ನಿದ್ದೆಗೆಟ್ಟ ತಾಯಂದಿರ ಮುಖ ಹೀಗೇ ಇರುತ್ತದೆ. ನಾನು ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟೆ.

ಬಾಡಿಗೆ ಗಾಡಿಯಲ್ಲಿ ಅವಳು ಚಿತ್ರವನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಮೇಲೆ ರಟ್ಟಿನ ಪೆಟ್ಟಿಗೆಯ ಮುಚ್ಚಳ ಹಿಡಿದು ಕೂತಳು. ಪ್ರತಿ ಗುಂಡಿಗೂ ಚಾಲಕನನ್ನು ನಾನು ಬೈದೆ. ಅವನು ಕನ್ನಡಿಯಲ್ಲಿ ನೋಡಿ, “ಅಕ್ಕ, ಮಡಿಲಲ್ಲಿ ಏನು, ಬಾಂಬಾ?” ಅಂದ. ಅದಕ್ಕಿಂತ ಹೆಚ್ಚೇ ಆಗಿತ್ತು.

ಅಮ್ಮ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು, ಕಣ್ಣು ಮುಚ್ಚಿಕೊಂಡು, ತುಟಿ ಬಿಗಿದುಕೊಂಡು. ಪಕ್ಕದಲ್ಲಿ ಅಣ್ಣ ಅವಳ ಬಲಗೈಯನ್ನು ಹೇಳಿದಂತೆಯೇ ಹಿಡಿದುಕೊಂಡಿದ್ದ. ಅವನ ಹಣೆಯಲ್ಲಿ ಬೆವರು.

“ಬಂದ್ರಾ?” ಅಂದಳು ಅಮ್ಮ. “ಸಿಸ್ಟರ್, ನೀರು ಕೊಡಿ. ಕೈ ತೊಳೀಬೇಕು.”

“ಕೈ ಆಮೇಲೆ ತೊಳಿ, ಮೊದಲು ನೋಡಮ್ಮ” ಅಂದೆ.

“ಕೈ ತೊಳೀದೆ ಯಾವತ್ತಾದ್ರೂ ನೋಡಿದ್ದೀನಾ? ಬಿಡೋ ಕೈ ನೀನು, ಕಳ್ಳನ್ನ ಹಿಡಿದ ಹಾಗೆ ಹಿಡ್ಕೊಂಡಿದ್ದಾನೆ.”

ನರ್ಸು ಬೋಗುಣಿಯಲ್ಲಿ ನೀರು ತಂದಳು. ಅಮ್ಮ ಎರಡೂ ಕೈ ತೊಳೆದಳು. ನಾನು ಟವೆಲ್ ಚಾಚಿದೆ, ಅವಳು ತಳ್ಳಿದಳು. ಹಿಂಬದಿಯಲ್ಲಿ ಅತ್ತಿಗೆಯ ಉಸಿರಾಟ ನನಗೆ ಕೇಳುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಚಿತ್ರವನ್ನು ಎದೆಯ ಮುಂದೆ ಹಿಡಿದೆ. ಅಮ್ಮ ಕಣ್ಣು ಬಿಟ್ಟಳು.

ಪೊರೆ ತೆಗೆದ, ಕೆಂಪಾದ, ನೀರು ತುಂಬಿದ ಒಂದು ಕಣ್ಣು. ರೆಪ್ಪೆ ಬಡಿಯಿತು. ನಿಂತಿತು. ಚಿತ್ರವನ್ನು ಹುಡುಕಿ ಹಿಡಿಯಿತು. ಅಮ್ಮ ನೋಡಿದಳು, ನೋಡಿದಳು.

“ಇದು ಅವರ ಕೈಯಲ್ಲ” ಅಂದಳು.

ಅಣ್ಣ ನೆಲ ನೋಡಿದ. ಅಮ್ಮ ಹಾಸಿಗೆಯಿಂದ ಕಾಲು ಇಳಿಬಿಟ್ಟು ಸರಕ್ಕನೆ ಎದ್ದಳು, ವರ್ಷಗಳಿಂದ ಅವಳು ಹಾಗೆ ಎದ್ದದ್ದನ್ನು ನಾನು ಕಂಡಿರಲಿಲ್ಲ. ನಾನು ಹಿಂದೆ ಸರಿಯುವಷ್ಟರಲ್ಲಿ ಚೌಕಟ್ಟು ಹಿಡಿದಾಗಿತ್ತು. ಎಳೆದರೆ ಕಾಗದ ಹರಿಯುತ್ತದೆ. ಬಲಗೈಯ ಹಸಿ ಬೆರಳು ನೇರ ತಾಯಿಯ ಕೆನ್ನೆಗೆ ಹೋಯಿತು.

“ಅತ್ತೆ, ಮುಟ್ಟಬೇಡಿ,” ಅತ್ತಿಗೆಯ ಬಾಯಿಂದ ಮಾತು ಬಿತ್ತು.

ತಡವಾಗಿತ್ತು. ಬೆರಳು ಹೋದ ಕಡೆ ಕೆನ್ನೆ ಹೋಯಿತು, ತುಟಿಯ ಕೊನೆ ಹೋಯಿತು, ಬಿಳಿ ಕಾಗದ ಇಣುಕಿತು. ಅಮ್ಮ ಬೆರಳನ್ನು ಹೊಸ ಕಣ್ಣಿನ ಹತ್ತಿರಕ್ಕೆ ತಂದಳು. ಅದರ ತುದಿಯಲ್ಲಿ ಬಣ್ಣ. ಅವಳು ಅದನ್ನೇ ನೋಡುತ್ತ ನಿಂತಳು. ಮುಗೀತು ನಮ್ಮ ಕಥೆ, ಎಲ್ಲ ಗೊತ್ತಾಗಿ ಹೋಯಿತು ಅಂದುಕೊಂಡೆ. ಅವಳು ಬಿದ್ದಾಳೆಂದು ಹಿಡಿಯಲು ಅಣ್ಣ ತೋಳು ಚಾಚಿದ.

“ಯಾರು ಬರೆದಿದ್ದು?”

“ನಾನೇ ಅತ್ತೆ” ಅಂದಳು ಅತ್ತಿಗೆ. “ತಪ್ಪಾಯ್ತು.”

“ಮೇಲೆ ಎಣ್ಣೆ ಗಿಣ್ಣೆ ಏನೂ ಹಚ್ಚಿಲ್ಲ?”

“ಇಲ್ಲ.”

“ಸದ್ಯ” ಅಂದಳು ಅಮ್ಮ. ಬೆರಳನ್ನು ಹಣೆಗೆ ಇಟ್ಟುಕೊಂಡಳು. ಹಣೆಯ ಮೇಲೆ ತಾಯಿಯ ಮೈಬಣ್ಣ ಮೂಡಿತು. ಹಾಸಿಗೆಯ ಮೇಲೆ ಕುಸಿದು ಕೂತು ನಿಟ್ಟುಸಿರು ಬಿಟ್ಟಳು.

“ಎಷ್ಟು ವರ್ಷ ಆಗಿತ್ತು ಬೆರಳಿಗೆ ಏನಾದ್ರೂ ಹತ್ತಿ. ಬರೀ ಕಾಗದ, ಬರೀ ಕಾಗದ. ಈ ಪೆದ್ದ ನೋಡಿದ್ರೆ ನಗ್ತಿದ್ದಾಳಮ್ಮ ಅಂತಾನೆ.”

ಅಣ್ಣ ಬಾಯಿ ತೆರೆದು ನಿಂತ.

“ನಿಂಗೆ ಗೊತ್ತಿತ್ತಾ?” ಅಂದೆ.

“ಕಣ್ಣು ಹೋಗಿತ್ತು ಕಣೇ, ಬೆರಳು ಹೋಗಿತ್ತಾ? ನಾನು ಮುಟ್ಟದೆ ಇರಲ್ಲ ಅಂತ ಗೊತ್ತಿದ್ದೇ ನಿಮ್ಮಪ್ಪ ಮುಖಕ್ಕೆ ಮಾತ್ರ ಈ ಬಣ್ಣ ಇಟ್ಟಿದ್ದು. ಮುಟ್ಟು, ಹೋದ್ರೆ ಮತ್ತೆ ಬರೀತೀನಿ ಅಂದಿದ್ರು. ವರ್ಷಕ್ಕೊಂದ್ಸಲ, ನೀವು ಸ್ಕೂಲಿಗೆ ಹೋದಾಗ, ಹಳೇದನ್ನ ಪೂರ್ತಿ ಎತ್ತಿ ಹೊಸ ಮುಖ ಬರೆಯೋರು. ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರ್ತಿರಲಿಲ್ಲ.”

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಅವನು ಕಂಡದ್ದೂ ನಿಜ, ನಾನು ಕಂಡದ್ದೂ ನಿಜ. ಆ ಮೂರ್ನಾಲ್ಕು ಜೊತೆ ಗೆರೆ ಒಂದೊಂದು ವರ್ಷದ ಕಣ್ಣು, ಅಂಟು ಸವರಿದ್ದು ಪ್ರತಿಸಲ ಬಣ್ಣ ಎತ್ತಲಿಕ್ಕೆ. ಅಪ್ಪನಿಗೆ ಮನಸ್ಸು ನಿಂತಿರಲಿಲ್ಲ ಅನ್ನುವುದೇ ಸುಳ್ಳು.

ಅತ್ತಿಗೆ ಅಳುತ್ತಿದ್ದಳು. “ಹೇಳ್ಬಹುದಿತ್ತಲ್ಲ ಅತ್ತೆ. ಒಂದು ಮಾತು ಹೇಳಿದ್ರೆ ಬರೀತಿದ್ದೆ.”

“ಅವರು ಹೋಗಿ ವರ್ಷ ಆಗಿತ್ತು. ಮುಖ ಮಾಸ್ತಾ ಇತ್ತು, ಬರೆಯೋರಿಲ್ಲ ಅನ್ನೋ ಸಂಕಟಕ್ಕೆ ನಾನು ಸಾಯ್ತಿದ್ದೆ. ನೀನು ಬಂದು ಅದನ್ನೇ ಆಡಿದೆ. ಉರಿ ಬಂತು, ಮುಟ್ಟಬೇಡ ಅಂದ್ಬಿಟ್ಟೆ. ಮಾತು ಆಡಿದ್ರೆ ಹೋಯ್ತು.” ಅಮ್ಮ ಸೆರಗಿನಂಚಿಂದ ಕಣ್ಣೊರೆಸಲು ಹೋದಳು, ನರ್ಸು ಕೈ ಹಿಡಿದುಕೊಂಡಳು. “ಆಡಿದ್ದನ್ನ ನುಂಗೋಕೆ ಬರಲ್ಲ ನಂಗೆ. ಅದಕ್ಕೇ ತಾಯೀನ ಇಲ್ಲಿಗೆ ತನ್ನಿ ಅಂದೆ. ಸೊಸೆ ಬರೆದ್ರೆ ಬರೀಲಿ, ಬರೀದಿದ್ರೆ ಬೋಳು ಕಾಗದಾನೇ ಕಣ್ಣಾರೆ ನೋಡಿ ಆಸೆ ಬಿಡೋಣ ಅಂತ.”

ಅವಳು ಅರ್ಧ ಅಳಿದ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಅತ್ತಿಗೆಯ ಕೈಗೆ ಕೊಟ್ಟಳು.

“ತಗೋ. ನಾಳೆ ಬೆಳಿಗ್ಗೆ ನಂಗೆ ಮುಟ್ಟೋಕೆ ಮುಖ ಬೇಕು.”

ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಕಣ್ಣು ಎಲ್ಲಿ ನೋಡ್ಬೇಕು ಅತ್ತೆ?” ಎಂದು ಕೇಳಿದಳು. “ಮಗೂನಾ, ನಮ್ಮನ್ನಾ?”

“ನನ್ನ ಯಾಕೆ ಕೇಳ್ತೀಯ?” ಅಂದಳು ಅಮ್ಮ. “ಅವರಿಗೂ ನಾನು ಯಾವತ್ತೂ ಹೇಳಿದವಳಲ್ಲ. ಅದು ಬರೆಯೋರಿಗೆ ಬಿಟ್ಟಿದ್ದು.”